ರಾಜಾಜಿಯ ಸೀಮೆಯಲ್ಲಿ ಫಿಯಾನೊ

ಜೂನ್ ತಿಂಗಳಲ್ಲಿ ಕೃಷ್ಣಗಿರಿಗೆ ಹೋಗುವವರು ಹೆದ್ದಾರಿ ಹಿಡಿಯಬಾರದು. ಹೊಸೂರಿನಲ್ಲೇ ಬಲಕ್ಕೆ ಹೊರಳಿ ಕೆಲಮಂಗಲ, ರಾಯಕೋಟೆಯ ದಾರಿಯಲ್ಲಿ ನಿಧಾನವಾಗಿ ಹೋಗಬೇಕು. ಹೆದ್ದಾರಿಯಲ್ಲಿ ಶೂಲಗಿರಿ ದಾಟಿದ ಮೇಲೆ ಲಾರಿಗಳ ಹಿಂಬದಿ ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಒಳದಾರಿಯಲ್ಲಾದರೆ ತಿರುವಿಗೊಂದು ಬಂಡೆಗುಡ್ಡ, ಬುಡದಲ್ಲಿ ಟೊಮೆಟೊ ಹೊಲ, ಗುಲಾಬಿಯ ಪಾಲಿಹೌಸು, ನೆತ್ತಿಯ ಮೇಲೆ ಯಾವ ಕಾಲದ್ದೋ ಕೋಟೆಗೋಡೆ. ಹೊಸೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಕೃಷ್ಣಗಿರಿ 500ರ ಆಸುಪಾಸಿನಲ್ಲಿ. ಇಳಿಯುತ್ತಾ ಹೋದಂತೆ ಬೆಂಗಳೂರಿನ ತಂಪು ಎಲ್ಲೋ ಒಂದು ಊರಿನ ಹತ್ತಿರ ನಮ್ಮನ್ನು ಬಿಟ್ಟು ಹಿಂದಿರುಗುತ್ತದೆ. ಆಮೇಲೆ ಕಾರಿನ ಕಿಟಕಿಯಿಂದ ಬರುವುದು ಬಿಸಿಗಾಳಿ. ಅದರ ಜೊತೆಗೆ ಮಾವಿನ ವಾಸನೆ.

ಈ ಸೀಮೆಯ ಇತಿಹಾಸವೂ ಇಳಿಜಾರಿನ ಲೆಕ್ಕದಲ್ಲೇ ಇದೆ. ಕೃಷ್ಣಗಿರಿ ಸೇರಿದಂತೆ ಕೆಳಗಿನ ಬಾರಾಮಹಲ್ ಸೀಮೆಯನ್ನು ಟಿಪ್ಪು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಮೇಲಿನ ಹೊಸೂರು, ದೇನ್ಕನಿಕೋಟೆಗಳು 1799ರಲ್ಲಿ ಅವನು ಮಡಿದ ಮೇಲೆ ಹೋದವು. ರಾಜ್ಯ ಹೋದರೂ ಭಾಷೆ ಅಲ್ಲಲ್ಲೇ ಉಳಿಯಿತು. ಕೆಲಮಂಗಲದ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಬಾಮೈದನನ್ನೇ ನೋಡಿ: ಮನೆಯಲ್ಲಿ ಕನ್ನಡ, ಆಳುಗಳ ಜೊತೆ ತೆಲುಗು, ಮಂಡಿಯಲ್ಲಿ ತಮಿಳು. ಜಗಳಕ್ಕೆ ಮಾತ್ರ ಮೂರನ್ನೂ ಬಳಸುತ್ತಾನೆ. ಕೃಷ್ಣಗಿರಿ ಕಡೆಯ ಒಂದು ಮಾವಿನ ತಿರುಳು ಕಾರ್ಖಾನೆಗೆ ತೋತಾಪುರಿ ಹಾಕಲು ಅವನು ಹೊರಟಿದ್ದ, ನಾನು ಜೊತೆಯಾದೆ.

ರಾಯಕೋಟೆಯಲ್ಲಿ ಟೊಮೆಟೊ ಸಂತೆಯನ್ನು ಹಾದು ಹೋಗುವುದೇ ಒಂದು ಸಾಹಸ. ರಸ್ತೆಯ ಎರಡೂ ಕಡೆ ಕ್ರೇಟುಗಳ ಗೋಡೆ, ನಡುವೆ ಹರಾಜಿನ ಕೂಗು, ಕಾಲ ಕೆಳಗೆ ಜಜ್ಜಿಹೋದ ಹಣ್ಣಿನ ಕೆಂಪು ಕೆಸರು. ಮೇಲೆ 1791ರಲ್ಲಿ ಇಂಗ್ಲಿಷರು ಹಿಡಿದ ಕೋಟೆಗುಡ್ಡ ಇದ್ಯಾವುದಕ್ಕೂ ಸಂಬಂಧವಿಲ್ಲದೆ ನಿಂತಿದೆ. ಈ ಟೊಮೆಟೊವೇ ಮುಂದೆ ನನ್ನನ್ನು ಒಂದು ವೈನಿನ ಬಳಿಗೆ ಕರೆದೊಯ್ಯುತ್ತದೆ ಎಂಬ ಸುಳಿವು ಆಗ ಎಲ್ಲಿಂದ ಬರಬೇಕು?

ಹಂಗಾಮಿನಲ್ಲಿ ತಿರುಳು ಕಾರ್ಖಾನೆಯೊಳಗೆ ಕಾಲಿಡುವುದೆಂದರೆ ಮೂಗಿಗೆ ಮೊದಲು ಹಬ್ಬ, ಹತ್ತು ನಿಮಿಷ ಕಳೆದರೆ ಅಜೀರ್ಣ. ಹುಲ್ಲು ಹಾಸಿದ ಕೊಟ್ಟಿಗೆಗಳಲ್ಲಿ ಹಣ್ಣಾಗುತ್ತಿರುವ ತೋತಾಪುರಿ ರಾಶಿ ರಾಶಿ ಬಿದ್ದಿರುತ್ತದೆ. ಬೆಂಗಳೂರಿನ ನಾವು ತೋತಾಪುರಿ ಎನ್ನುವ ಹಣ್ಣಿಗೆ ಇಲ್ಲಿ ಬೆಂಗಳೂರಾ ಎನ್ನುತ್ತಾರೆ. ಹಣ್ಣು ತೊಟ್ಟಿಯಲ್ಲಿ ತೊಳೆಸಿಕೊಂಡು ಪಟ್ಟಿಯ ಮೇಲೆ ಸಾಗುತ್ತದೆ, ಕೊಳೆತದ್ದನ್ನು ಹೆಂಗಸರ ಸಾಲು ಕಣ್ಣೆವೆ ಮಿಟುಕಿಸದೆ ಆರಿಸಿ ಎಸೆಯುತ್ತದೆ. ಯಂತ್ರ ಓಟೆ ಬೇರೆ ಮಾಡಿ, ತಿರುಳನ್ನು ಜರಡಿ ಹಿಡಿದು, ಕುದಿಯುವ ಹತ್ತಿರಕ್ಕೆ ಕಾಯಿಸಿ, ತಟ್ಟನೆ ತಣಿಸಿ, ಗಾಳಿ ಸೋಕದಂತೆ ಚೀಲಕ್ಕೆ ತುಂಬುತ್ತದೆ. ಚೀಲ ಡ್ರಮ್ಮಿನೊಳಗೆ, ಒಂದು ಡ್ರಮ್ಮಿಗೆ 215 ಕಿಲೊ. ಅಲ್ಲಿಂದ ಲಾರಿ, ಬಂದರು, ಹಡಗು, ಕೊನೆಗೆ ಯಾವುದೋ ದೇಶದ ಮಗುವಿನ ಜ್ಯೂಸ್ ಡಬ್ಬಿ.

ಆ ಯಂತ್ರವನ್ನು ಸರಿಮಾಡಲು ಇಟಲಿಯಿಂದ ಒಬ್ಬ ತಂತ್ರಜ್ಞರು ಬಂದಿದ್ದರು. ಐವತ್ತು ದಾಟಿದವರು, ನೇಪಲ್ಸಿನ ದಕ್ಷಿಣದ ಸಲೆರ್ನೊ ಕಡೆಯವರು. ಸಲೆರ್ನೊ ಇಟಲಿಯ ಟೊಮೆಟೊ ಡಬ್ಬಿಯ ಸೀಮೆ. ವೆಸುವಿಯಸ್ ಜ್ವಾಲಾಮುಖಿಯ ಬೂದಿಮಣ್ಣಿನಲ್ಲಿ ಬೆಳೆಯುವ ಸ್ಯಾನ್ ಮಾರ್ಜಾನೊ ತಳಿಯ ಊರುಗಳು ಅಲ್ಲೇ. ಟೊಮೆಟೊ ಅರೆದು, ಕಾಯಿಸಿ, ತುಂಬಲೆಂದು ಹುಟ್ಟಿದ ಯಂತ್ರಗಳೇ ಒಂದಿಷ್ಟು ಮಾರ್ಪಾಡಾಗಿ ಮಾವಿಗೂ ಒಗ್ಗಿಕೊಂಡವು. ‘ನಿಮ್ಮ ಹಣ್ಣಿಗೆ ಓಟೆ ದೊಡ್ಡದು, ಉಳಿದದ್ದೆಲ್ಲ ನಮ್ಮ ಟೊಮೆಟೊವೇ’ ಎಂದು ಅವರು ಬಹಳ ಗಂಭೀರವಾಗಿ ಹೇಳಿದಾಗ ಬಾಮೈದನ ಮುಖ ನೋಡಬೇಕಿತ್ತು. ತೋತಾಪುರಿಯನ್ನು ಯಾರು ಏನಂದರೂ ಅವನಿಗೆ ತಡೆಯದು.

ಅವರ ಜೇಬಿನಲ್ಲಿ ಒಂದು ಪುಟ್ಟ ದೂರದರ್ಶಕದಂಥ ಕೊಳವೆ ಇತ್ತು, ರಿಫ್ರಾಕ್ಟೊಮೀಟರ್. ಅದರ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ರಸದಲ್ಲಿ ಎಷ್ಟು ಸಕ್ಕರೆ ಇದೆಯೆಂಬ ಅಂದಾಜು ಗೆರೆಯಾಗಿ ಕಾಣುತ್ತದೆ. ಲೆಕ್ಕ ಬ್ರಿಕ್ಸ್‌ನಲ್ಲಿ. ಇಲ್ಲಿ ರೈತನಿಂದ ಹಿಡಿದು ಲಾರಿ ಚಾಲಕನವರೆಗೆ ಎಲ್ಲರ ಬಾಯಲ್ಲೂ ಬ್ರಿಕ್ಸೇ. ತೋತಾಪುರಿ ತಿರುಳು ಕನಿಷ್ಠ 14 ಇದ್ದರೆ ಪರದೇಶದಲ್ಲಿ ಮಾರಾಟ, ಆಲ್ಫಾನ್ಸೊ ಆದರೆ 16. ಇಟಲಿಯವರು ನಮ್ಮ ಹಣ್ಣಿನ ಹನಿ ನೋಡಿ ‘ಹದಿನಾಲ್ಕೂವರೆ’ ಎಂದರು. ಕೊಳವೆಯನ್ನು ಅಂಗಿಗೆ ಒರೆಸುತ್ತಾ, ಇದೇ ಉಪಕರಣವನ್ನು ಹಿಡಿದು ಸೆಪ್ಟೆಂಬರ್ ಕೊನೆಯಲ್ಲಿ ತಮ್ಮ ಮಾವನ ದ್ರಾಕ್ಷಿತೋಟದಲ್ಲಿ ಓಡಾಡುವುದಾಗಿಯೂ ಹೇಳಿದರು. ಯಾವ ದ್ರಾಕ್ಷಿ ಎಂದು ಕೇಳಿದೆ. ‘ಫಿಯಾನೊ.’ ಆ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಇಟಲಿಯ ಬಿಳಿ ವೈನ್ ಎಂದರೆ ಪಿನೊ ಗ್ರಿಜೊ, ಮದುವೆಮನೆಗಳಲ್ಲಿ ಗುಳ್ಳೆಯೇಳುವ ಪ್ರೊಸೆಕ್ಕೊ. ನಾನು ಹೆಸರನ್ನು ಮತ್ತೆ ಮತ್ತೆ ಉಚ್ಚರಿಸುವುದನ್ನು ನೋಡಿ ಅವರಿಗೆ ಏನನ್ನಿಸಿತೋ, ಸಂಜೆ ಬರುವಿರಾ, ಒಂದು ಬಾಟಲಿ ತಂದಿದ್ದೇನೆ, ಒಬ್ಬನೇ ಕುಡಿಯುವ ವೈನಲ್ಲ ಅದು ಎಂದರು.

ಸಂಜೆಗೆ ಮೊದಲು ಕೃಷ್ಣಗಿರಿ ಅಣೆಕಟ್ಟಿಗೆ ಹೋದೆವು. 1958ರ ಕಾಮರಾಜರ ಕಾಲದ ಕಟ್ಟೆ. ಅದರ ಹಿಂದೆ ನಿಂತಿರುವ ನೀರು ದಕ್ಷಿಣ ಪಿನಾಕಿನಿಯದು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ದ್ರಾಕ್ಷಿತೋಟಗಳ ನಡುವೆ ಇಳಿದು, ಹೊಸಕೋಟೆ ದಾಟಿ, ಬೆಂಗಳೂರಿನ ಪೂರ್ವದ ಕೊಚ್ಚೆಯನ್ನೆಲ್ಲ ಮೈಮೇಲೆ ಹೊತ್ತು ತಮಿಳುನಾಡಿಗೆ ಬರುತ್ತದೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಈ ನೀರು ಬಿಳಿ ನೊರೆಯಾಗಿ ಆಳೆತ್ತರ ಏಳುವುದನ್ನು ಟಿವಿಯಲ್ಲಿ ನೋಡಿದವರಿದ್ದಾರೆ. ಬೆಂಗಳೂರಿನವನಾಗಿ ಆ ನೊರೆಯ ಬಗ್ಗೆ ಹೆಚ್ಚು ಮಾತಾಡದಿರುವುದೇ ಲೇಸು. ಕೃಷ್ಣಗಿರಿ ಮುಟ್ಟುವ ಹೊತ್ತಿಗೆ ನದಿ ಒಂದಿಷ್ಟು ಸುಧಾರಿಸಿಕೊಂಡಂತೆ ಕಾಣುತ್ತದೆ. ಅಣೆಕಟ್ಟಿನ ಬಳಿಯ ಮೀನಿನಂಗಡಿಗಳಂತೂ ಹೆಸರುವಾಸಿ. ಕೆಂಪು ಮಸಾಲೆ ಮೆತ್ತಿದ ಕಟ್ಲಾ, ಜಿಲೇಬಿ ಮೀನು ದೊಡ್ಡ ಬಾಣಲೆಯಲ್ಲಿ ಚುರ್ ಎನ್ನುತ್ತಿರುತ್ತವೆ. ಒಂದಿಷ್ಟು ಕಟ್ಟಿಸಿಕೊಂಡೆವು. ಪಕ್ಕದ ಗಾಡಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯನ್ನೂ.

ಮಾವಿನ ತೋಪಿನ ನಡುವಿನ ಅತಿಥಿಗೃಹದ ಜಗಲಿ. ಬಾಟಲಿ ಮಂಜುಗಡ್ಡೆಯ ಬಕೆಟ್ಟಿನಲ್ಲಿತ್ತು. ಅದನ್ನು ಇಟಲಿಯವರು ಬೇಗನೆ ಆಚೆ ತೆಗೆದದ್ದು ನನಗೆ ಸೋಜಿಗವಾಯಿತು. ತುಂಬಾ ತಣ್ಣಗಿದ್ದರೆ ವೈನ್ ಬಾಯಿ ಬಿಡುವುದಿಲ್ಲವಂತೆ. ಬಣ್ಣ ತೆಳು ಹುಲ್ಲಿನದು, ಅಂಚಿನಲ್ಲಿ ಹಸಿರ ನೆರಳು. ಗ್ಲಾಸನ್ನು ಮೂಗಿಗೆ ಹಿಡಿದೆ, ಜೇನು. ಅನುಮಾನವೇ ಇಲ್ಲ, ಜೇನಿನ ವಾಸನೆ, ಅದರ ಹಿಂದೆ ಪೇರು, ಅದರ ಹಿಂದೆ ಹುರಿದ ಬೀಜದ್ದೊಂದು ಎಳೆ. ಇಷ್ಟು ಸಿಹಿ ವಾಸನೆ ಹೊತ್ತ ಪಾನೀಯ ಬಾಯಿಗೆ ಬಿದ್ದರೆ ಸಿಹಿಯೇ ಇಲ್ಲ! ಒಂದು ಚೂರೂ ಇಲ್ಲ. ನಾಲಗೆಯ ಎರಡು ಬದಿಗಳನ್ನು ಹಿಂಡುವ ಹುಳಿ, ಕೊನೆಯಲ್ಲಿ ಕಲ್ಲನ್ನು ನೆಕ್ಕಿದಂಥ ಒಂದು ಒಣ ರುಚಿ, ಆಮೇಲೆ ಬಹಳ ಹೊತ್ತು ಹೋಗದ ಕಹಿಬಾದಾಮಿ. ಮೂಗು ಹೇಳಿದ್ದನ್ನು ನಾಲಗೆ ಅಲ್ಲಗಳೆಯುತ್ತಿತ್ತು, ನಾನು ಇಬ್ಬರ ನಡುವೆ ಬೆಪ್ಪಾಗಿ ಕೂತಿದ್ದೆ.

‘ಇದ್ಯಾಕೆ ಭಾವ, ಸಕ್ಕರೆ ಹಾಕೋದು ಮರ್ತೋದ್ರಾ?’ ಎಂದ ಬಾಮೈದ.

ಅವನ ಪ್ರಶ್ನೆಯಲ್ಲಿ ನಮ್ಮ ಕಡೆಯ ವೈನಿನ ಚರಿತ್ರೆಯೇ ಇತ್ತು. ನಮಗೆ ವೈನ್ ಎಂದರೆ ಕ್ರಿಸ್ಮಸ್ಸಿಗೆ ಪಕ್ಕದ ಮನೆಯ ಆಂಟಿ ಬೆಂಗಳೂರು ನೀಲಿ ದ್ರಾಕ್ಷಿಗೆ ಸಕ್ಕರೆ ಸುರಿದು, ಲವಂಗ ಹಾಕಿ ಜಾಡಿಯಲ್ಲಿಟ್ಟು ಕೊಡುತ್ತಿದ್ದ ಕಡುನೇರಳೆ ಪಾಕ. ಇಲ್ಲವೇ ಅಂಗಡಿಯ ಸಿಹಿ ಗೋಲ್ಕೊಂಡಾ ರೂಬಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ಅಮೆರಿಕ ಮೂಲದ ಲಾಬ್ರುಸ್ಕಾ ಜಾತಿಯದು. ಜಾಮ್‌ಗೆ, ಜ್ಯೂಸಿಗೆ ಸೊಗಸು, ಆದರೆ ಒಣ ವೈನಿಗೆ ಅದರ ಗಮಲು ಒಗ್ಗುವುದಿಲ್ಲ. ಒಣ ವೈನಿನಲ್ಲಿ ಸಕ್ಕರೆ ಮರೆತದ್ದಲ್ಲ, ಮುಗಿದದ್ದು. ರಸದಲ್ಲಿನ ಸಕ್ಕರೆಯನ್ನು ಯೀಸ್ಟ್ ಕಡೆಯ ತುತ್ತಿನವರೆಗೆ ತಿಂದು ಮದ್ಯವಾಗಿಸುತ್ತದೆ. ಯುರೋಪಿನ ನಿಯಮದಲ್ಲಿ ಒಣ ವೈನ್ ಎನ್ನಲು ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದಿರಬಾರದು, ಹುಳಿ ಹೆಚ್ಚಿದ್ದರೆ ಮಾತ್ರ 9ರವರೆಗೆ ವಿನಾಯಿತಿ. ವಾಸನೆಯ ಕಣಗಳನ್ನು ಮಾತ್ರ ಯೀಸ್ಟ್ ಹಾಗೆ ತಿಂದು ಮುಗಿಸುವುದಿಲ್ಲ. ಹಾಗಾಗಿ ಜೇನಿಲ್ಲದ ಜೇನಿನ ವಾಸನೆ.

ಫಿಯಾನೊ ಬೆಳೆಯುವುದು ಸಲೆರ್ನೊದಿಂದ ಒಳಕ್ಕೆ, ಅವೆಲ್ಲಿನೊ ಪ್ರಾಂತದ ಇರ್ಪಿನಿಯಾ ಬೆಟ್ಟಗಳಲ್ಲಿ. ಸುಣ್ಣ ಬೆರೆತ ಜೇಡಿಮಣ್ಣು, ಮೇಲೆ ಜ್ವಾಲಾಮುಖಿ ಉಗುಳಿದ ಬೂದಿ, ಸುತ್ತ ಹೇಜಲ್‌ನಟ್ ಮತ್ತು ಚೆಸ್ಟ್‌ನಟ್ ಕಾಡು, ಬೇಸಿಗೆಯಲ್ಲೂ ತಣ್ಣನೆಯ ರಾತ್ರಿ. ರೋಮಿನ ಪ್ಲಿನಿ ಬರೆದಿಟ್ಟ, ಜೇನುನೊಣ ಮುತ್ತುವ ದ್ರಾಕ್ಷಿ ಇದೇ ಎಂದು ಅಲ್ಲಿಯವರ ನಂಬಿಕೆ. ಎರಡು ಸಾವಿರ ವರ್ಷದ ಹಿರಿಮೆಯಿದ್ದರೂ ಇಪ್ಪತ್ತನೆಯ ಶತಮಾನದ ನಡುವೆ ಇದು ಹೆಚ್ಚುಕಡಿಮೆ ಅಳಿದೇ ಹೋಗುವುದರಲ್ಲಿತ್ತು. ಕಾಳು ಸಣ್ಣದು, ಸಿಪ್ಪೆ ದಪ್ಪ, ರಸ ಕಡಿಮೆ. ಹೆಚ್ಚು ಇಳುವರಿಯ ಟ್ರೆಬ್ಬಿಯಾನೊ ಸಿಗುವಾಗ ರೈತ ಇದನ್ನೇಕೆ ನೆಡುತ್ತಾನೆ? ಎರಡನೆಯ ಮಹಾಯುದ್ಧ ಮುಗಿದು ಊರುಗಳೇ ಹಾಳು ಬಿದ್ದಿದ್ದಾಗ ಆಂಟೋನಿಯೊ ಮಾಸ್ಟ್ರೊಬೆರಾರ್ಡಿನೊ ಎಂಬ ಹಟಗಾರ, ಉಳಿದಿದ್ದ ಬಳ್ಳಿಗಳನ್ನು ಹುಡುಕಿ ಹುಡುಕಿ ಬೆಳೆಸಿ ವೈನ್ ಮಾಡಿದ. 1978ರಲ್ಲಿ ಸರ್ಕಾರಿ ಮನ್ನಣೆ ಬಂತು. 1980ರ ನವೆಂಬರ್ 23ರ ಭೂಕಂಪ ಇರ್ಪಿನಿಯಾವನ್ನು ನೆಲಸಮ ಮಾಡಿತು. ಸತ್ತವರು ಮೂರು ಸಾವಿರದ ಹತ್ತಿರ. ಅದರ ಮೇಲೂ ಎದ್ದು ಫಿಯಾನೊ 2003ರಲ್ಲಿ ಇಟಲಿಯ ಅತ್ಯುನ್ನತ ದರ್ಜೆ ಪಡೆಯಿತು. ‘ಫಿಯಾನೊ ದಿ ಅವೆಲ್ಲಿನೊ’ ಎಂದು ಚೀಟಿ ಅಂಟಿಸಲು ಬಾಟಲಿಯಲ್ಲಿ ನೂರಕ್ಕೆ ಕನಿಷ್ಠ 85 ಪಾಲು ಇದೇ ದ್ರಾಕ್ಷಿ ಇರಬೇಕು. ಭೂಕಂಪದ ರಾತ್ರಿಯನ್ನು ಬಾಲಕನಾಗಿ ಕಂಡ ಮನುಷ್ಯ ನಮಗೆ ಇದನ್ನೆಲ್ಲ ಹೇಳುತ್ತಿದ್ದದ್ದು, 250 ಕೋಟಿ ವರ್ಷಗಳಷ್ಟು ಹಳೆಯ, ಅಲುಗಾಡುವುದು ಅಪರೂಪವಾದ ಶಿಲೆಯ ಮೇಲೆ ಕೂತು. ಆ ಶಿಲೆಯೂ ಈಗ ಊರು ಬಿಟ್ಟಿದೆ ಅನ್ನಿ. ಕೃಷ್ಣಗಿರಿಯ ಗಣಿಗಳ ಗ್ರಾನೈಟ್ ‘ಪ್ಯಾರಡಿಸೊ’ ಎಂಬ ಇಟಾಲಿಯನ್ ಹೆಸರು ಹೊತ್ತು ಜಗತ್ತಿನ ಅಡುಗೆಮನೆಗಳ ಕಟ್ಟೆಯಾಗಿದೆ.

ಮೀನು ಬಿಚ್ಚಿದೆವು. ಮೀನಿಗೆ ಬಿಳಿ ವೈನ್ ಎಂಬ ಮಾತನ್ನು ಬರೆದವರು ಕೃಷ್ಣಗಿರಿ ಅಣೆಕಟ್ಟಿನ ಮೀನು ತಿಂದಿರಲಿಕ್ಕಿಲ್ಲ. ಖಾರದ ಎದುರು ಫಿಯಾನೊ ನಿಲ್ಲಲಿಲ್ಲ. ಜೇನು ಓಡಿಹೋಯಿತು, ಉಳಿದದ್ದು ಬರೀ ಮದ್ಯದ ಉರಿ. ಉಪ್ಪು ಖಾರ ಹಚ್ಚಿದ ತೋತಾಪುರಿ ಕಾಯಿ ಇನ್ನೂ ಕೇಡು, ಹುಳಿಗೆ ಹುಳಿ ಗುದ್ದಾಡಿ ಎರಡೂ ಸೋತವು. ಗೆದ್ದದ್ದು ಬೇಯಿಸಿದ ಕಡಲೆಕಾಯಿ. ಉಪ್ಪುನೀರು ಹೀರಿದ ಆ ಮೆತ್ತನೆ ಬೀಜವನ್ನು ಅಗಿದು ಒಂದು ಗುಟುಕು ಕುಡಿದರೆ ವೈನಿನೊಳಗಿದ್ದ ಬೀಜದ ಎಳೆ ಎದ್ದು ಬಂದು ಇದರ ಕೈ ಹಿಡಿಯುತ್ತಿತ್ತು. ಹುಳಿ ತಗ್ಗಿ, ಒಗರು ಮಾಯವಾಗಿ, ಬಾಯ ತುಂಬ ಒಂದು ದುಂಡನೆಯ ರುಚಿ. ಇಟಲಿಯವರು ಕಣ್ಣರಳಿಸಿ ಇನ್ನೊಂದು ಮುಷ್ಟಿ ಬಾಚಿಕೊಂಡರು. ಹೇಜಲ್‌ನಟ್ ಕಾಡಿನ ನಡುವೆ ಬೆಳೆದ ವೈನಿಗೆ ಕೃಷ್ಣಗಿರಿಯ ಮಳೆಯಾಶ್ರಿತ ಹೊಲದ ಕಡಲೆಕಾಯಿ ನಂಟಾಗುತ್ತದೆಂದು ಯಾವ ವೈನ್ ಪಂಡಿತ ಬರೆದಾನು! ಗ್ಲಾಸು ಬೆಚ್ಚಗಾದಂತೆ ವಾಸನೆಯೂ ಬದಲಾಗುತ್ತಾ ಹೋಯಿತು. ಕೊನೆಯ ಗುಟುಕುಗಳಲ್ಲಿ ಸಣ್ಣದೊಂದು ಹೊಗೆ.

ಕುಡಿಯುತ್ತಾ ಕೂತ ಜಾಗವೂ ಎಂಥದ್ದು! 1937ರ ಅಕ್ಟೋಬರ್ 1ರಂದು ಮದ್ರಾಸ್ ಪ್ರಾಂತದ ಪ್ರಧಾನಿ ರಾಜಾಜಿಯವರು ಪಾನನಿಷೇಧವನ್ನು ಮೊಟ್ಟಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲಿ. ಹೊಸೂರು, ಕೃಷ್ಣಗಿರಿ ಎರಡೂ ಆಗ ಸೇಲಂ ಜಿಲ್ಲೆಯವೇ. ಅವರು ಹುಟ್ಟಿದ್ದೂ ಹೊಸೂರಿನ ಮಗ್ಗುಲಿನ ತೊರಪಳ್ಳಿಯಲ್ಲಿ, 1878ರಲ್ಲಿ. ತಮ್ಮ ಮನೆಯಿಂದಲೇ ಶುರುಮಾಡಿದರು ಎನ್ನಬೇಕು. ಹೋದ ಅಬಕಾರಿ ಆದಾಯ ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ತಂದರು. ಇಂದು ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನಾವು ಆ ತೆರಿಗೆಯ ತಂದೆ ಒಬ್ಬ ಮದ್ಯವಿರೋಧಿ ಎಂಬುದನ್ನು ನೆನೆದರೆ ನಗು ಬರುತ್ತದೆ. 1971ರಲ್ಲಿ ಮುಖ್ಯಮಂತ್ರಿ ಕರುಣಾನಿಧಿ ನಿಷೇಧ ತೆರವು ಮಾಡಲು ಹೊರಟಾಗ, ತೊಂಬತ್ತು ದಾಟಿದ ರಾಜಾಜಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡಿದ್ದರು. ಸರ್ಕಾರ ಕೇಳಲಿಲ್ಲ, 1974ರಲ್ಲಿ ಮತ್ತೆ ಮುಚ್ಚಿ, ಆಮೇಲೆ ಮತ್ತೆ ತೆರೆದು, 2003ರಿಂದ ತನ್ನದೇ ನಿಗಮ ಟಾಸ್ಮಾಕ್ ಮೂಲಕ ತಾನೇ ಅಂಗಡಿಯಲ್ಲಿ ಕೂತು ಮಾರುತ್ತಿದೆ. ರಾಜಾಜಿಯವರ ಕಾಳಜಿ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಅತ್ತಿಬೆಲೆಯ ಗಡಿಯಲ್ಲಿ ಸಂಬಳದ ದಿನ ಸಂಜೆ ನಿಂತು ನೋಡಿದವರಿಗೆ ಅವರ ಮಾತಿನ ತೂಕ ತಿಳಿಯುತ್ತದೆ.

ಇನ್ನೊಂದು ನೆನಪು ಆ ಜಗಲಿಯಲ್ಲೇ ಎದ್ದದ್ದು. ಅವೆಲ್ಲಿನೊದಿಂದ ನೇಪಲ್ಸಿಗೆ ಇಳಿಯುವ ದಾರಿಯಲ್ಲಿ, ವೆಸುವಿಯಸ್ಸಿನ ನೆರಳಿನಲ್ಲಿ ನೋಲಾ ಎಂಬ ಊರಿದೆ. ಚಕ್ರವರ್ತಿ ಅಗಸ್ಟಸ್ ಸತ್ತದ್ದು ಅಲ್ಲಿ, ಜ್ಯೋರ್ಡಾನೊ ಬ್ರೂನೊ ಹುಟ್ಟಿದ್ದು ಅಲ್ಲಿ. ಲಿಯೊನಾರ್ಡೊ ಚಿನ್ನಮಿ ಎಂಬ ಜೆಸ್ವಿತ್ ಪಾದ್ರಿಯೂ ಆ ಊರಿನವರೇ. 1640ರ ದಶಕದ ಕೊನೆಯಲ್ಲಿ, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಕಟ್ಟಿದವರು, ಕನ್ನಡ ಕಲಿತು ಕನ್ನಡಕ್ಕೊಂದು ವ್ಯಾಕರಣ ಬರೆದವರು. ದ್ರಾಕ್ಷಿಯ ವೈನಿಲ್ಲದೆ ಅವರ ಪೂಜೆ ನಡೆಯುವಂತಿಲ್ಲ. ರಾಗಿ, ಹುರುಳಿಯ ನಾಡಿನಲ್ಲಿ ಅದನ್ನು ತರುವುದು ಎಲ್ಲಿಂದ? ಹಡಗಿನಲ್ಲಿ ಗೋವೆಗೆ, ಗೋವೆಯಿಂದ ಘಟ್ಟ ಹತ್ತಿ, ಹೆಚ್ಚೆಂದರೆ ಒಂದೊಂದು ಬಟ್ಟಲಿನ ಲೆಕ್ಕದಲ್ಲೇ ಬಂದಿರಬೇಕು. ಬಳ್ಳಿಯ ಬೆಟ್ಟಗಳಲ್ಲಿ ಬೆಳೆದ ಆ ಮನುಷ್ಯ ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಉರುಹೊಡೆಯುತ್ತಾ ಊರಿನ ವೈನನ್ನು ನೆನೆದಿರಲಾರರೇ? ಇಟಲಿಯವರಿಗೆ ಈ ಕಥೆ ಹೇಳಿದೆ. ಅವರು ಹೆಸರನ್ನು ಬರೆಸಿಕೊಂಡರು. ನೋಲಾದಲ್ಲಿ ಅವರಿಗೆ ಷಡ್ಡಕನೊಬ್ಬ ಇದ್ದಾನಂತೆ, ಅವನಿಗೂ ಗೊತ್ತಿರಲಾರದು ಎಂದರು.

ಬಾಮೈದನ ತಲೆ ಮಾತ್ರ ಅಷ್ಟು ಹೊತ್ತೂ ಬೇರೆಲ್ಲೋ ಇತ್ತು. ಬಾಟಲಿಯನ್ನು ತಿರುಗಿಸಿ ಬೆಲೆ ಕೇಳಿದ. ಯೂರೊದಲ್ಲಿ ಹೇಳಿದ್ದನ್ನು ರೂಪಾಯಿಗೆ ತಿರುಗಿಸಿ, ನಾನು ಅದರ ಮೇಲೆ ನಮ್ಮ ದೇಶ ಬಹುಕಾಲದಿಂದ ಹೇರುತ್ತಿದ್ದ 150 ಪ್ರತಿಶತ ಆಮದು ಸುಂಕವನ್ನೂ ಸೇರಿಸಿ ಹೇಳಿದೆ. ಅವನು ಕತ್ತಲಲ್ಲಿ ತೋಪಿನ ಕಡೆ ನೋಡಿದ. ಆ ವರ್ಷ ತೋತಾಪುರಿಗೆ ಕಾರ್ಖಾನೆಗಳು ಕೊಡುತ್ತಿದ್ದ ದರಕ್ಕೆ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ.

‘ಇದೇ ಥರ, ಸಿಹಿ ಇಲ್ದಂಗೆ, ನಮ್ಮ ಬೆಂಗಳೂರಾದಲ್ಲಿ ಮಾಡಕ್ಕಾಗಲ್ವಾ ಕೇಳಿ ಭಾವ.’

ಕೇಳಿದೆ. ಆಗದೇನೂ ಇಲ್ಲ, ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಸಂಶೋಧಕರು ತೋತಾಪುರಿಯೂ ಸೇರಿ ಹಲವು ಮಾವುಗಳಿಂದ ವೈನ್ ಮಾಡಿ 2005ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ತಿರುಳು ಗಂಜಿಯಂತೆ ಗಟ್ಟಿ, ಮೊದಲು ಕಿಣ್ವ ಹಾಕಿ ನೀರಾಗಿಸಿಕೊಳ್ಳಬೇಕು, ಅಷ್ಟೆ. ಆದರೆ ಇಟಲಿಯವರು ಜೇಬಿನ ಕೊಳವೆ ತೆಗೆದು ಮೇಜಿನ ಮೇಲಿಟ್ಟು ಬೆರಳಲ್ಲಿ ಲೆಕ್ಕ ಹಾಕಿದರು. ಫಿಯಾನೊ ಕೊಯ್ಯುವಾಗ ಬ್ರಿಕ್ಸ್ 22, 23. ಅದರ ಅರ್ಧಕ್ಕಿಂತ ತುಸು ಹೆಚ್ಚು ಮದ್ಯದ ಪ್ರಮಾಣ, ಅಂದರೆ ಹನ್ನೆರಡರ ಮೇಲೆ. ತೋತಾಪುರಿ ಹದಿನಾಲ್ಕೂವರೆ. ಸಕ್ಕರೆ ಬೆರೆಸದಿದ್ದರೆ ಎಂಟರ ಹತ್ತಿರ ನಿಲ್ಲುತ್ತದೆ.

‘ಎಂಟು ಅಂದ್ರೆ ಸ್ಟ್ರಾಂಗ್ ಬಿಯರು’ ಎಂದ ಬಾಮೈದ. ‘ಸಾಕಲ್ಲ ಭಾವ! ಬಾಟ್ಲಿ ಮೇಲೆ ಏನೋ ಒಂದು ಇಟಲಿ ಹೆಸರು ಹಾಕ್ಸಿದ್ರಾಯ್ತು.’ ಅಷ್ಟರಲ್ಲಿ ಕಾರ್ಖಾನೆಯ ಗೇಟಿನಿಂದ ಫೋನು ಬಂತು, ಅವನ ಲಾರಿಯ ಟೋಕನ್ ನಂಬರು ಕೂಗುತ್ತಿದ್ದಾರೆಂದು. ಉಳಿದ ಕಡಲೆಕಾಯಿಯನ್ನು ಜೇಬಿಗೆ ಸುರಿದುಕೊಂಡು ಎದ್ದ.